ಹೆಸರಿಲ್ಲದ ಚೀಟಿ

ಪದ್ಯ ಬರೆಯುವ ಹವ್ಯಾಸವುಳ್ಳವರು ನಮ್ಮ ಗೃಹಸ್ಥರಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ಲೆಕ್ಕವಿಟ್ಟವರಿಲ್ಲ. ಕಚೇರಿಯ ಗುಮಾಸ್ತರು, ಶಾಲೆಯ ಉಪಾಧ್ಯಾಯರು, ವೈದ್ಯರು, ಅಡಿಗೆಮನೆಯ ಕೆಲಸವನ್ನು ಮುಗಿಸಿ ಮಧ್ಯಾಹ್ನದ ಬಿಡುವಿನಲ್ಲಿ ಕುಳಿತ ಗೃಹಿಣಿಯರು, ಪಿಂಚಣಿ ಪಡೆದು ಜಗಲಿಯನ್ನು ಆಶ್ರಯಿಸಿದ ಹಿರಿಯರು, ಇವರಲ್ಲಿ ಅನೇಕರ ಪೆಟ್ಟಿಗೆಯ ತಳದಲ್ಲಿಯೋ ಜಮಾಖರ್ಚಿನ ಪುಸ್ತಕದ ಕೊನೆಯ ಹಾಳೆಗಳಲ್ಲಿಯೋ ನಾಲ್ಕಾರು ಪದ್ಯಗಳು ಅಡಗಿರುವುದುಂಟು. ಬರೆಯುವ ಕೆಲಸವು ಹೇಗೋ ನಡೆದುಹೋಗುವುದು. ಬರೆದಾದ ಮೇಲೆ ಏಳುವ ಪ್ರಶ್ನೆಯೇ ಕಠಿನವಾದುದು: ಇದನ್ನು ಯಾರ ಮುಂದೆ ಓದಬೇಕು?

ನಂಟರಿಷ್ಟರ ಮುಂದೆ ಓದಿದರೆ ಹೊಗಳಿಕೆಗೆ ಕೊರತೆಯಿಲ್ಲ. ಮನೆಗೆ ಬಂದವರಿಗೆ ಕಾಫಿಯನ್ನು ಕೊಟ್ಟು ಪದ್ಯವನ್ನು ಓದಿದರೆ, ಕಾಫಿಯ ಋಣಕ್ಕಾದರೂ ಅವರು “ಬಹಳ ಚೆನ್ನಾಗಿದೆ” ಎನ್ನದೆ ಇರಲಾರರು. ಈಗಂತೂ ಮೊಬೈಲಿನ ಮೂಲಕ ಪದ್ಯವನ್ನು ಕಳುಹಿಸಿದ ಅರೆಗಳಿಗೆಯೊಳಗಾಗಿ, ಅದನ್ನು ಓದಿ ಮುಗಿಸಲು ಬೇಕಾದಷ್ಟು ಹೊತ್ತು ಕಳೆಯುವುದಕ್ಕೂ ಮುಂಚೆ, ಕೈಮುಗಿದ ಚಿತ್ರವೂ ಹೂಗುಚ್ಛದ ಚಿತ್ರವೂ ಬಂದು ಬೀಳುವುವು. ಇಂತಹ ಮೆಚ್ಚಿಗೆಯಿಂದ ಕವಿಗೆ ಕ್ಷಣಕಾಲ ಹಿತವೆನಿಸಬಹುದು. ಪದ್ಯದ ಗುಣದೋಷಗಳು ಮಾತ್ರ ಇದ್ದಲ್ಲಿಯೇ ಇರುವುವು. ಇದಕ್ಕೆ ಬದಲಾಗಿ, ಉಳ್ಳುದನ್ನು ಉಳ್ಳಂತೆ ನುಡಿಯುವ ಮಿತ್ರನೊಬ್ಬನ ಮುಂದೆ ಓದಿದೆವೆಂದುಕೊಳ್ಳೋಣ. ಆತನು ಪದ್ಯದ ತಪ್ಪನ್ನು ಎತ್ತಿ ತೋರಿಸಿದರೆ, ಅದು ನಮ್ಮ ಮೇಲೆಯೇ ಹೊರಿಸಿದ ತಪ್ಪಿನಂತೆ ಕಂಡು ಹತ್ತು ವರ್ಷಗಳ ಸ್ನೇಹಕ್ಕೆ ಬಿರುಕು ಬೀಳುವುದೂ ಉಂಟು. ಹೀಗೆ ಒಂದು ಕಡೆಯಲ್ಲಿ ದಾಕ್ಷಿಣ್ಯ, ಇನ್ನೊಂದು ಕಡೆಯಲ್ಲಿ ಮನಸ್ತಾಪ. ಇವೆರಡರ ನಡುವೆ ಹಾದುಹೋಗುವ ದಾರಿಯೊಂದು ಇದೆಯೆ?

ಇದೆಯೆಂದು ಜಪಾನ್ ದೇಶದ ಹವ್ಯಾಸಿ ಕವಿಗಳು ತೋರಿಸಿಕೊಟ್ಟಿದ್ದಾರೆ. ಆ ದೇಶದಲ್ಲಿ ‘ಹಾಯ್ಕು’ ಎಂಬ ಕಿರುಪದ್ಯವನ್ನು ಬರೆಯುವವರು ಕೂಡಿ ನಡೆಸುವ ಗೋಷ್ಠಿಗೆ ‘ಕುಕಾಯಿ’ ಎಂದು ಹೆಸರು. ‘ಕು’ ಎಂದರೆ ಪದ್ಯ, ‘ಕಾಯಿ’ ಎಂದರೆ ಕೂಟ. ನಮ್ಮ ನುಡಿಯ ಕಾಯಿಗೂ ಈ ಮಾತಿಗೂ ನಂಟಿಲ್ಲ. ಆದರೂ ಇನ್ನೂ ಹಣ್ಣಾಗದ ಪದ್ಯಗಳನ್ನು ಹಣ್ಣುಮಾಡುವ ಕೂಟವೆಂದು ವಾಚಕರು ನೆನಪಿನಲ್ಲಿಟ್ಟುಕೊಂಡರೆ ತಪ್ಪೇನೂ ಆಗದು. ಈ ಕೂಟದ ಏರ್ಪಾಡು ಎಂತಹುದು, ಅದರಿಂದ ಆದ ಪ್ರಯೋಜನವೇನು, ಅದು ಎಲ್ಲಿ ಎಡವಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸುವೆವು.

ಮೊದಲು ಪದ್ಯದ ಮಾತು. ಹಾಯ್ಕುವಿನಲ್ಲಿ ಐದು, ಏಳು, ಐದು ಎಂಬ ಕ್ರಮದಲ್ಲಿ ಒಟ್ಟು ೧೭ ಮಾತ್ರೆಗಳಿರುವುವು. ನಮ್ಮ ಕಂದಪದ್ಯದಲ್ಲಿ ೬೪ ಮಾತ್ರೆಗಳಿರುವುದನ್ನು ನೆನೆದರೆ, ಅದರ ಕಾಲುಭಾಗಕ್ಕಿಂತ ಒಂದೇ ಒಂದು ಮಾತ್ರೆ ಹೆಚ್ಚು. ಇಷ್ಟರೊಳಗೆ ವರ್ಷದ ಯಾವುದಾದರೊಂದು ಕಾಲವನ್ನು ಸೂಚಿಸುವ ಋತುಪದವೂ ಇರಬೇಕೆಂಬುದು ಸಂಪ್ರದಾಯ. ಯಾವ ಹೂವು ಯಾವ ಋತುವಿಗೆ ಸೇರಿದ್ದು, ಯಾವ ಹಕ್ಕಿ ಯಾವಾಗ ಕೂಗುವುದು, ಯಾವ ಹಬ್ಬ, ಯಾವ ತಿಂಡಿ, ಯಾವ ಉಡುಪು ಯಾವ ಕಾಲದ್ದು ಎಂಬುದನ್ನೆಲ್ಲ ಜೋಡಿಸಿಟ್ಟ ಕೋಶಗಳು ಅಲ್ಲಿ ಪುಸ್ತಕದಂಗಡಿಗಳಲ್ಲಿ ದೊರೆಯುವುವು. ಹವ್ಯಾಸಿಗಳು ಅವನ್ನು ಪಂಚಾಂಗದಂತೆ ಬಳಿಯಲ್ಲಿಟ್ಟುಕೊಳ್ಳುವರು. ಪದ್ಯವು ಚಿಕ್ಕದಾದುದರಿಂದ ಬಸ್ಸಿಗಾಗಿ ಕಾಯುವವನೂ ಒಲೆಯ ಮುಂದೆ ನಿಂತವಳೂ ಮನಸ್ಸಿನಲ್ಲಿಯೇ ಅದನ್ನು ಕಟ್ಟಬಲ್ಲರು.

ಈ ಪದ್ಯವು ಹುಟ್ಟಿದುದೇ ಕೂಟದಲ್ಲಿ ಎಂಬುದನ್ನು ನಾವು ಮರೆಯಬಾರದು. ಹಿಂದೆ ಜಪಾನಿನ ಕವಿಗಳು ಒಟ್ಟಾಗಿ ಕುಳಿತು ಸರಪಣಿಯಂತೆ ಪದ್ಯಗಳನ್ನು ಕೋಯುತ್ತಿದ್ದರು. ಮನೆಗೆ ಬಂದ ಅತಿಥಿಯು ೧೭ ಮಾತ್ರೆಗಳ ಮೊದಲ ಪದ್ಯವನ್ನು ಹೇಳುವನು. ಮನೆಯ ಯಜಮಾನನು ೧೪ ಮಾತ್ರೆಗಳ ಎರಡನೆಯದನ್ನು ಹೇಳಿ ಅದಕ್ಕೆ ಮರ್ಯಾದೆ ಸಲ್ಲಿಸುವನು. ಮೂರನೆಯವನು ಮತ್ತೆ ೧೭ ಮಾತ್ರೆಗಳಲ್ಲಿ ಅದನ್ನು ಬೇರೊಂದು ಕಡೆಗೆ ತಿರುಗಿಸುವನು. ಬಾಶೊ ಎಂಬ ಮಹಾಕವಿಯ (೧೬೪೪–೧೬೯೪) ಕಾಲದಲ್ಲಿ ಹೀಗೆ ೩೬ ಪದ್ಯಗಳ ಮಾಲೆಯನ್ನು ಕಟ್ಟುವುದು ವಾಡಿಕೆಯಾಗಿತ್ತು. ಹಿಂದಿನವನ ಪದ್ಯವನ್ನು ಕಿವಿಗೊಟ್ಟು ಕೇಳದವನು ಮುಂದಿನ ಪದ್ಯವನ್ನು ಕಟ್ಟಲಾರನಷ್ಟೆ. ಆದಕಾರಣ ಕೇಳುವುದೂ ಬರೆಯುವುದೂ ಅಲ್ಲಿ ಒಂದೇ ಕೆಲಸವಾಗಿದ್ದುವು. ಮುಂದೆ ಆ ಮಾಲೆಯ ಮೊದಲ ಪದ್ಯವು ತಾನೇ ಬೇರೆಯಾಗಿ ನಿಂತು ಹಾಯ್ಕು ಎನಿಸಿಕೊಂಡಿತು.

ಕಾಲಕ್ರಮದಲ್ಲಿ ಈ ಗೋಷ್ಠಿಗಳಿಗೆ ಒಂದು ಜಾಡ್ಯವು ತಗುಲಿತು. ಪದ್ಯಗಳಿಗೆ ಅಂಕಗಳನ್ನು ಹಾಕುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಗುರುಗಳು ಊರೂರಿನಲ್ಲಿಯೂ ಹುಟ್ಟಿಕೊಂಡರು. ಹವ್ಯಾಸಿಗಳು ಶುಲ್ಕವನ್ನು ತೆತ್ತು ಪದ್ಯಗಳನ್ನು ಒಪ್ಪಿಸುವರು. ಗುರುವು ಅಂಕಗಳನ್ನು ಕೊಡುವನು. ಹೆಚ್ಚು ಅಂಕ ಬಂದವನಿಗೆ ಬಹುಮಾನ. ಹೀಗಾಗಲು ಬರೆಯುವವನ ದೃಷ್ಟಿಯು ಪದ್ಯವನ್ನು ಬಿಟ್ಟು ಗುರುವಿನ ರುಚಿಯ ಕಡೆಗೆ ಹರಿಯಿತು. ಇಂತಹ ಗೋಷ್ಠಿಗಳು ತಿಂಗಳು ತಿಂಗಳೂ ನಡೆಯುತ್ತಿದ್ದುದರಿಂದ ಅವುಗಳಿಗೆ ‘ತ್ಸುಕಿನಾಮಿ’ ಎಂದು ಹೆಸರಿತ್ತು. ‘ಮಾಸಿಕ’ ಎಂದು ಅದರ ಅರ್ಥ. ಅಲ್ಲಿ ಹುಟ್ಟಿದ ಪದ್ಯಗಳ ಸಪ್ಪೆತನವನ್ನು ಹೊಸ ಕಾಲದ ಕವಿಯೊಬ್ಬನು ಎಷ್ಟು ಕಟುವಾಗಿ ಖಂಡಿಸಿದನೆಂದರೆ, ಜಪಾನೀ ನುಡಿಯಲ್ಲಿ ‘ಮಾಸಿಕ’ ಎಂಬ ಆ ಮಾತಿಗೆ ‘ಹಳಸಿದ್ದು, ಸಾಧಾರಣವಾದುದು’ ಎಂಬ ಇನ್ನೊಂದು ಅರ್ಥವೇ ನಿಂತುಬಿಟ್ಟಿತು. ಮಾಸಪತ್ರಿಕೆಯ ವಾಚಕರು ಇದನ್ನು ನಮಗೆ ಅನ್ವಯಿಸದೆ ಕ್ಷಮಿಸಬೇಕು.

ಹೀಗೆ ಖಂಡಿಸಿದ ಕವಿಯ ಹೆಸರು ಮಸಾಒಕ ಶಿಕಿ. ಈತನು ೧೮೬೭ರಲ್ಲಿ ಮತ್ಸುಯಾಮ ಎಂಬ ಊರಿನಲ್ಲಿ ಹುಟ್ಟಿದನು. ೧೮೮೯ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಕ್ಷಯರೋಗದಿಂದ ರಕ್ತವನ್ನು ಕಾರಿದನು. ರಕ್ತ ಕಾರುವವರೆಗೂ ಕೂಗುವುದೆಂದು ಆ ದೇಶದವರು ಹೇಳುವ ಕೋಗಿಲೆಯ ಜಾತಿಯ ಹಕ್ಕಿಯೊಂದುಂಟು. ಅದರ ಹೆಸರನ್ನೇ ಈತನು ತನ್ನ ಕಾವ್ಯನಾಮವಾಗಿ ಇಟ್ಟುಕೊಂಡನು. ಮುಂದೆ ರೋಗವು ಬೆನ್ನೆಲುಬಿಗೆ ಇಳಿದು ಈತನು ಹಾಸಿಗೆ ಹಿಡಿದನು. ತಾಯಿಯೂ ತಂಗಿಯೂ ಶುಶ್ರೂಷೆ ಮಾಡಿದರು. ೧೯೦೨ರಲ್ಲಿ, ೩೫ ವರ್ಷಗಳು ತುಂಬುವುದಕ್ಕೆ ಮುಂಚೆಯೇ, ತೀರಿಕೊಂಡನು. ಆದರೂ ಟೋಕಿಯೊ ನಗರದಲ್ಲಿ ಈತನಿದ್ದ ಸಣ್ಣ ಮನೆಗೆ ಮಿತ್ರರು ಪದ್ಯಗಳನ್ನು ಹೊತ್ತು ಬರುವುದು ನಿಲ್ಲಲಿಲ್ಲ. ಅಂಕ ಹಾಕುವ ಗುರುವಿನ ಬದಲಿಗೆ, ನೆರೆದವರೆಲ್ಲರೂ ಒಬ್ಬರ ಪದ್ಯವನ್ನು ಒಬ್ಬರು ಆರಿಸುವ ಪದ್ಧತಿಯು ಬೇರೂರಿ ಹರಡಿದುದು ಈತನ ಬಳಗದಿಂದ.

ಆ ಪದ್ಧತಿಯನ್ನು ಈಗ ವಿವರವಾಗಿ ನೋಡೋಣ. ಹತ್ತು ಮಂದಿ ಕೂಡಿರುವರೆಂದೂ ಒಬ್ಬೊಬ್ಬರೂ ಐದೈದು ಪದ್ಯಗಳನ್ನು ತಂದಿರುವರೆಂದೂ ಇಟ್ಟುಕೊಳ್ಳೋಣ. ಪ್ರತಿಯೊಬ್ಬರೂ ಒಂದು ಉದ್ದನೆಯ ಕಿರುಚೀಟಿಯಲ್ಲಿ ಒಂದು ಪದ್ಯದಂತೆ ಐದು ಚೀಟಿಗಳನ್ನು ಬರೆಯುವರು. ಚೀಟಿಯ ಮೇಲೆ ಹೆಸರನ್ನು ಬರೆಯಕೂಡದು. ಐವತ್ತು ಚೀಟಿಗಳನ್ನೂ ಒಟ್ಟುಗೂಡಿಸಿ, ಇಸ್ಪೀಟಿನ ಎಲೆಗಳಂತೆ ಕಲಸಿ, ತಲೆಗೆ ಐದರಂತೆ ಮತ್ತೆ ಹಂಚುವರು. ತನ್ನ ಪಾಲಿಗೆ ಬಂದ ಐದು ಪದ್ಯಗಳನ್ನು ಪ್ರತಿಯೊಬ್ಬರೂ ಒಂದು ಹಾಳೆಯ ಮೇಲೆ ಅಂದವಾಗಿ ನಕಲು ಮಾಡುವರು. ಮೂಲದಲ್ಲಿ ತಪ್ಪು ಕಂಡರೂ ತಿದ್ದದೆ ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಇದರಿಂದ ಕೈಬರಹದ ಗುರುತೂ ಅಳಿಸಿಹೋಗುವುದು. ಹಾಳೆಯ ಮೇಲೆ ಅದರ ಕ್ರಮಸಂಖ್ಯೆಯೂ ನಕಲು ಮಾಡಿದವರ ಹೆಸರೂ ಇರುವುವಲ್ಲದೆ ಕವಿಯ ಹೆಸರು ಎಲ್ಲಿಯೂ ಇರುವುದಿಲ್ಲ.

ಅನಂತರ ಹಾಳೆಗಳು ಒಬ್ಬರಿಂದ ಮತ್ತೊಬ್ಬರಿಗೆ ಸುತ್ತಿ ಬರುವುವು. ಈ ಹೊತ್ತಿನಲ್ಲಿ ಮಾತಿಲ್ಲ, ಕಾಗದದ ಸಪ್ಪಳವಷ್ಟೆ. ಪ್ರತಿಯೊಬ್ಬರೂ ಐವತ್ತು ಪದ್ಯಗಳನ್ನೂ ಓದಿ, ಮನಸ್ಸಿಗೆ ಹಿಡಿದವನ್ನು ತಮ್ಮ ಪುಸ್ತಕದಲ್ಲಿ ಗುರುತುಹಾಕಿಕೊಂಡು, ಕೊನೆಗೆ ಐದನ್ನೋ ಆರನ್ನೋ ಆರಿಸುವರು. ಅವುಗಳಲ್ಲಿ ಒಂದನ್ನು ಎಲ್ಲಕ್ಕಿಂತ ಮಿಗಿಲಾದುದೆಂದು ಎತ್ತಿ ಹಿಡಿಯುವರು. ತನ್ನ ಪದ್ಯವನ್ನು ತಾನೇ ಆರಿಸಕೂಡದೆಂಬುದು ಕಟ್ಟುನಿಟ್ಟಾದ ನಿಯಮ. ಆಮೇಲೆ ಒಬ್ಬನು ಎದ್ದು “ಇವು ಇಂಥವರು ಆರಿಸಿದ ಪದ್ಯಗಳು” ಎಂದು ಗಟ್ಟಿಯಾಗಿ ಓದುವನು. ಓದಿದ ಪದ್ಯವು ಯಾರದೋ ಅವರು ಒಡನೆಯೇ ತಮ್ಮ ಕಾವ್ಯನಾಮವನ್ನು ಕೂಗಿ ಹೇಳಬೇಕು. ಅದುವರೆಗೂ ತಂದೆತಾಯಿಗಳಿಲ್ಲದಂತಿದ್ದ ಪದ್ಯಕ್ಕೆ ಆಗ ಒಡೆಯರು ದೊರೆಯುವರು. ನೆರೆದವರು ತಲೆಯೆತ್ತಿ ನೋಡಿದರೆ, ಎಲ್ಲರೂ ಹೊಗಳಿದ ಪದ್ಯವು ಮೂಲೆಯಲ್ಲಿ ಕುಳಿತ ಹೊಸಬಳದ್ದಾಗಿರಬಹುದು. ಹಿರಿಯರಾದ ಗುರುಗಳ ಪದ್ಯವನ್ನು ಒಬ್ಬರೂ ಆರಿಸದೆ ಇರಬಹುದು. ಒಬ್ಬರಿಗೂ ಹಿಡಿಸದ ಪದ್ಯವನ್ನು ಬರೆದವರು ಸುಮ್ಮನೆ ಕುಳಿತರೆ ಸಾಕು. ಅದು ಯಾರದೆಂದು ಕೇಳುವವರಿಲ್ಲ. ಗುರುಗಳಿದ್ದರೆ ಅವರು ಆರಿಸಿದುದನ್ನು ಕಟ್ಟಕಡೆಗೆ ಓದಿ, ಅವರ ವಿಮರ್ಶೆಯನ್ನು ಕೇಳಿ, ಕೂಟವನ್ನು ಮುಗಿಸುವರು.

ನೋಡುವುದಕ್ಕೆ ಇದು ಮಕ್ಕಳ ಆಟದಂತೆ ಕಾಣುವುದು. ಆದರೆ ಇದರ ಒಂದೊಂದು ನಿಯಮದ ಹಿಂದೆಯೂ ಮನುಷ್ಯಸ್ವಭಾವದ ಅರಿವು ಇದೆ. ಹೆಸರಿಲ್ಲದುದರಿಂದ ದಾಕ್ಷಿಣ್ಯಕ್ಕೂ ದ್ವೇಷಕ್ಕೂ ಕೈಗೆ ಸಿಕ್ಕುವುದೇನೂ ಇಲ್ಲ. ಪದ್ಯವು ಒಂಟಿಯಾಗಿ ನಿಂತು ತನ್ನ ಪರವಾಗಿ ತಾನೇ ಮಾತನಾಡಬೇಕು. ಇನ್ನೊಬ್ಬರ ಪದ್ಯವನ್ನು ಕೈಯಾರೆ ಬರೆದವರಿಗೆ, ಕಣ್ಣೋಡಿಸಿದವರಿಗೆ ಕಾಣದ ಎಷ್ಟೋ ಸೂಕ್ಷ್ಮಗಳು ಕಾಣುವುವು. ನಕಲು ಮಾಡುವ ಕೈಯು ಅವಸರದ ಓದನ್ನು ತಡೆಯುವುದು. ತನ್ನದನ್ನು ಆರಿಸಲಾಗದುದರಿಂದ ಮಿಕ್ಕವರದನ್ನು ಓದಿಯೇ ತೀರಬೇಕು. ಆರಿಸಬೇಕಾದುದು ಐದೇ ಆದುದರಿಂದ ಹೊಗಳಿಕೆಗೆ ಬೆಲೆ ಬರುವುದು. ಐವತ್ತಕ್ಕೂ “ಚೆನ್ನಾಗಿದೆ” ಎನ್ನುವ ಅವಕಾಶ ಯಾರಿಗೂ ಇಲ್ಲ. ಸೋತ ಪದ್ಯಕ್ಕೆ ಹೆಸರಿಲ್ಲದುದರಿಂದ ಸೋಲಿನಲ್ಲಿ ಅವಮಾನವಿಲ್ಲ. ಇಷ್ಟೇ ಅಲ್ಲ, ಆರಿಸಿದವರ ಹೆಸರನ್ನು ಎಲ್ಲರೆದುರಿಗೆ ಓದುವುದರಿಂದ ಓದುಗನ ಪರೀಕ್ಷೆಯೂ ಆಗಿಹೋಗುವುದು. ಸಪ್ಪೆಯಾದುದನ್ನು ಆರಿಸಿ ಸೊಗಸಾದುದನ್ನು ಬಿಟ್ಟವನು, ತಾನು ಬರೆದುದಕ್ಕಾಗಿ ಅಲ್ಲದಿದ್ದರೂ ತಾನು ಓದಿದುದಕ್ಕಾಗಿ ಮುಂದಿನ ತಿಂಗಳು ಎಚ್ಚರವಾಗಿರುವನು. ಒಳ್ಳೆಯ ಓದುಗರನ್ನು ತಯಾರುಮಾಡುವುದರಲ್ಲಿಯೇ ಈ ಕೂಟದ ಮುಖ್ಯ ಪ್ರಯೋಜನವಿದೆಯೆಂದು ನಮಗೆ ತೋರುವುದು.

ನಮ್ಮಲ್ಲಿ ವಚನಕಾರರೂ ಹರಿದಾಸರೂ ತಮ್ಮ ಕೃತಿಗಳ ಕೊನೆಯಲ್ಲಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುದು ವಾಚಕರಿಗೆ ತಿಳಿದೇ ಇದೆ. ತನ್ನ ಹೆಸರನ್ನು ಹಿಂದಕ್ಕೆ ಸರಿಸಿ ಮಾತನ್ನು ಮುಂದಕ್ಕೆ ಬಿಡುವ ವಿನಯವು ಅದರಲ್ಲಿಯೂ ಇತ್ತು. ಅಲ್ಲಿ ಅದು ಭಕ್ತಿಯಿಂದ ಬಂದುದು. ಕುಕಾಯಿಯಲ್ಲಿ ಅದು ನ್ಯಾಯಕ್ಕಾಗಿ ಮಾಡಿಕೊಂಡ ಏರ್ಪಾಡು.

ಇಂತಹ ಕೂಟದಿಂದ ಏನಾಗಬಹುದೆಂಬುದಕ್ಕೆ ೧೮೯೫ರ ಒಂದು ನಿದರ್ಶನವನ್ನು ಹೇಳಬಹುದು. ಆ ವರ್ಷ ಶಿಕಿಯು ಯುದ್ಧದ ವರದಿಗಾರನಾಗಿ ಚೀನಾ ದೇಶಕ್ಕೆ ಹೋಗಿ, ಹಿಂದಿರುಗುವಾಗ ಹಡಗಿನಲ್ಲಿಯೇ ಮತ್ತೆ ರಕ್ತವನ್ನು ಕಾರಿ, ಚೇತರಿಸಿಕೊಳ್ಳುವುದಕ್ಕಾಗಿ ತನ್ನ ಹುಟ್ಟೂರಿಗೆ ಬಂದನು. ಅಲ್ಲಿ ಆತನ ಸಹಪಾಠಿಯಾಗಿದ್ದ ನತ್ಸುಮೆ ಸೋಸೆಕಿ ಎಂಬಾತನು ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಿದ್ದನು. ಶಿಕಿಯು ಆತನ ಬಾಡಿಗೆಯ ಮನೆಯ ಕೆಳ ಅಂತಸ್ತಿನಲ್ಲಿ ೫೨ ದಿನಗಳ ಕಾಲ ತಂಗಿದ್ದನು. ಊರಿನ ಹವ್ಯಾಸಿ ಕವಿಗಳು, ಅವರಲ್ಲಿ ಹಲವರು ಶಾಲೆಯ ಉಪಾಧ್ಯಾಯರೇ, ದಿನವೂ ಅಲ್ಲಿ ನೆರೆಯುತ್ತಿದ್ದರು. ಮೇಲಂತಸ್ತಿನಲ್ಲಿ ಓದುತ್ತ ಕುಳಿತಿದ್ದ ಸೋಸೆಕಿಗೆ ಕೆಳಗಿನ ಗದ್ದಲದಿಂದ ಓದು ಸಾಗದಾಯಿತು. ಬೇರೆ ದಾರಿಯಿಲ್ಲದೆ ತಾನೂ ಕೆಳಗಿಳಿದು ಬಂದು ಪದ್ಯ ಬರೆಯತೊಡಗಿದುದಾಗಿ ಆತನೇ ಮುಂದೆ ನೆನಪುಮಾಡಿಕೊಂಡಿದ್ದಾನೆ. ಎರಡು ವರ್ಷಗಳಾದ ಬಳಿಕ, ೧೮೯೭ರಲ್ಲಿ, ಅದೇ ಊರಿನಲ್ಲಿ ‘ಹೊತೊತೊಗಿಸು’ ಎಂಬ ಹಾಯ್ಕು ಪತ್ರಿಕೆಯು ಹೊರಟಿತು. ಮರುವರ್ಷ ಅದು ಟೋಕಿಯೊಗೆ ಹೋಗಿ ಶಿಕಿಯ ಶಿಷ್ಯನಾದ ತಕಹಾಮ ಕ್ಯೋಶಿಯ ಕೈಗೆ ಸೇರಿತು.

ಶಿಕಿಯು ಗದ್ಯಕ್ಕೂ ಇಂತಹದೇ ಓದುಕೂಟವೊಂದನ್ನು ಆರಂಭಿಸಿದ್ದನು. ಆತನು ತೀರಿಹೋದ ಮೇಲೂ ಮಿತ್ರರು ಅದನ್ನು ಬಿಡಲಿಲ್ಲ. ೧೯೦೪ರ ಡಿಸೆಂಬರಿನಲ್ಲಿ ಸೋಸೆಕಿಯು ಆ ಕೂಟಕ್ಕೆಂದು ಬೆಕ್ಕೊಂದರ ಬಾಯಿಂದ ಮನುಷ್ಯರ ಕಥೆಯನ್ನು ಹೇಳಿಸುವ ಒಂದು ಬರಹವನ್ನು ಕೊಟ್ಟನು. ಕ್ಯೋಶಿಯು ಅದನ್ನು ಮೊದಲು ಓದಿ, ಕೆಲವು ಕಡೆ ತಿದ್ದಬೇಕೆಂದು ಸೂಚಿಸಿ, ಕೂಟದಲ್ಲಿ ಗಟ್ಟಿಯಾಗಿ ಓದಿದನು. ಕೇಳಿದವರು ಮೆಚ್ಚಿದರು. ಒಂದೇ ಕಂತಿಗೆ ಮುಗಿಯಬೇಕಾಗಿದ್ದ ಆ ಬರಹವು ೧೯೦೫ರ ಜನವರಿಯಿಂದ ‘ಹೊತೊತೊಗಿಸು’ವಿನಲ್ಲಿ ಬೆಳೆಯುತ್ತ ಹೋಗಿ ೧೧ ಅಧ್ಯಾಯಗಳ ಕಾದಂಬರಿಯಾಯಿತು. ಜಪಾನಿನ ಹೊಸ ಸಾಹಿತ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ‘ನಾನೊಂದು ಬೆಕ್ಕು’ ಎಂಬ ಕಾದಂಬರಿಯೇ ಅದು. ನಾಲ್ವರು ಮಿತ್ರರು ಕಿವಿಗೊಟ್ಟು ಕೇಳಿದುದರ ಫಲವು ಎಲ್ಲಿಗೆ ಮುಟ್ಟಿತೆಂಬುದನ್ನು ವಾಚಕರೇ ಆಲೋಚಿಸಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಕೂಟವು ದೊಡ್ಡದಾಗಿ ಪತ್ರಿಕೆಯಾದಾಗ ಆರಿಸುವ ಅಧಿಕಾರವು ಮತ್ತೆ ಒಬ್ಬನ ಕೈಗೆ ಸೇರಿತು. ಕ್ಯೋಶಿಯು ಗಟ್ಟಿಗನಾದ ಸಂಪಾದಕನು. ಆರಿಸುವುದೂ ಸೃಷ್ಟಿಯೇ ಎಂಬುದು ಆತನ ಮತ. ೧೯೧೬ರಲ್ಲಿ ಆತನು ಗೃಹಿಣಿಯರಿಗೆಂದೇ ‘ಅಡಿಗೆಮನೆಯ ಪದ್ಯಗಳು’ ಎಂಬ ಅಂಕಣವನ್ನು ತೆರೆದನು. ಅಡಿಗೆಮನೆಯ ಪಾತ್ರೆ ಪದಾರ್ಥಗಳನ್ನು ಕುರಿತು ಹೆಂಗಸರು ಬರೆದು ಕಳುಹಿಸಬಹುದಾಗಿತ್ತು. ಅದುವರೆಗೆ ಗಂಡಸರದೇ ಆಗಿದ್ದ ಕೂಟದ ಬಾಗಿಲು ಇದರಿಂದ ಸ್ವಲ್ಪ ತೆರೆಯಿತು. ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಸುಗಿತ ಹಿಸಾಜೊ ಎಂಬಾಕೆಯೂ ಒಬ್ಬಳು. ಕೊಕುರ ಎಂಬ ಊರಿನಲ್ಲಿ ಶಾಲೆಯ ಚಿತ್ರಕಲಾ ಉಪಾಧ್ಯಾಯನೊಬ್ಬನ ಹೆಂಡತಿಯಾಗಿದ್ದ ಈಕೆಯ ಪದ್ಯಗಳು ೧೯೧೭ರ ಜನವರಿಯಲ್ಲಿ ಮೊದಲು ಅಚ್ಚಾದುವು. ಅಡಿಗೆಮನೆಯ ಎಲ್ಲೆಯನ್ನು ದಾಟಲು ಈಕೆಗೆ ಬಹುಕಾಲ ಬೇಕಾಗಲಿಲ್ಲ. ವೃತ್ತಪತ್ರಿಕೆಗಳು ನಡೆಸಿದ ಸ್ಪರ್ಧೆಯೊಂದರಲ್ಲಿ, ಲಕ್ಷಕ್ಕೂ ಮಿಗಿಲಾಗಿ ಬಂದ ಪದ್ಯಗಳ ನಡುವೆ, ೧೯೩೧ರಲ್ಲಿ ಈಕೆಯ ಪದ್ಯಕ್ಕೆ ಶ್ರೇಷ್ಠ ಬಹುಮಾನಗಳಲ್ಲೊಂದು ದೊರೆಯಿತು. ೧೯೩೨ರಲ್ಲಿ ತಾನೇ ಒಂದು ಪತ್ರಿಕೆಯನ್ನು ಆರಂಭಿಸಿದಳು. ಅದು ಐದು ಸಂಚಿಕೆಗಳಿಗೆ ನಿಂತಿತು.

ಹೀಗಿರಲು ೧೯೩೬ರಲ್ಲಿ ‘ಹೊತೊತೊಗಿಸು’ ಪತ್ರಿಕೆಯು ಈಕೆಯ ಹೆಸರನ್ನು ಬಳಗದ ಸದಸ್ಯರ ಪಟ್ಟಿಯಿಂದ ತೆಗೆದುಹಾಕಿರುವುದಾಗಿ ಪ್ರಕಟಿಸಿತು. ಕಾರಣವನ್ನು ತಿಳಿಸಲಿಲ್ಲ. ತನ್ನ ಪದ್ಯಗಳನ್ನು ಪುಸ್ತಕವಾಗಿ ನೋಡಬೇಕೆಂಬ ಈಕೆಯ ಆಸೆಯು ಬದುಕಿರುವಾಗ ಕೈಗೂಡಲಿಲ್ಲ. ೧೯೪೬ರ ಜನವರಿಯಲ್ಲಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಸಂಗ್ರಹವು ಹೊರಬಂದುದು ೧೯೫೨ರಲ್ಲಿ. ಈಗ ಜಪಾನಿನ ಶ್ರೇಷ್ಠ ಹಾಯ್ಕು ಕವಯಿತ್ರಿಯರನ್ನು ಎಣಿಸುವಾಗ ಈಕೆಯ ಹೆಸರನ್ನು ಬಿಡುವವರಿಲ್ಲ. ಆರಿಸುವವರು ಹತ್ತು ಮಂದಿಯಾಗಿದ್ದಾಗ ಒಬ್ಬನ ಅಪ್ರಸನ್ನತೆಯಿಂದ ಯಾರಿಗೂ ಕೇಡಾಗದು. ಆರಿಸುವವನು ಒಬ್ಬನೇ ಆದಾಗ ಆತನ ಮುಖವು ತಿರುಗಿದರೆ ಕವಿಗೆ ನಿಲ್ಲಲು ನೆಲೆಯಿಲ್ಲ. ಚೀಟಿಯ ಮೇಲೆ ಹೆಸರಿಲ್ಲದಿರುವುದು ಎಷ್ಟು ಮುಖ್ಯವೋ ಆರಿಸುವ ಹಕ್ಕು ಎಲ್ಲರಿಗೂ ಇರುವುದು ಅಷ್ಟೇ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುವುದು. ಜಪಾನಿನ ದೊಡ್ಡ ದಿನಪತ್ರಿಕೆಯಾದ ‘ಅಸಾಹಿ’ಯು ಈಗ ವಾಚಕರು ಕಳುಹಿಸುವ ಒಂದೇ ರಾಶಿಯ ಕಾರ್ಡುಗಳನ್ನು ನಾಲ್ವರು ಕವಿಗಳ ಮುಂದಿಟ್ಟು ಬೇರೆಬೇರೆಯಾಗಿ ಆರಿಸುವಂತೆ ಮಾಡಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು.

ಹೆಸರನ್ನು ಮರೆಮಾಡುವ ಇದೇ ಉಪಾಯವನ್ನು ಹಾಯ್ಕುವಿನ ಮೇಲೆಯೇ ತಿರುಗಿಸಿದ ವಿದ್ವಾಂಸನೊಬ್ಬನಿದ್ದನು. ಫ್ರೆಂಚ್ ಸಾಹಿತ್ಯದಲ್ಲಿ ಪಂಡಿತನಾದ ಕುವಬಾರ ತಕೆಒ ಎಂಬಾತನು ೧೯೪೬ರಲ್ಲಿ ‘ಸೆಕಾಯ್’ ಎಂಬ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದನು. ಪ್ರಸಿದ್ಧರಾದ ಗುರುಗಳ ಹತ್ತು ಪದ್ಯಗಳನ್ನೂ ಸಾಮಾನ್ಯ ಹವ್ಯಾಸಿಗಳ ಐದು ಪದ್ಯಗಳನ್ನೂ ಹೆಸರಿಲ್ಲದೆ ಬೆರೆಸಿ, ಇವುಗಳಲ್ಲಿ ಗುರುಗಳದಾವುವು, ಹವ್ಯಾಸಿಗಳದಾವುವು, ಬೇರ್ಪಡಿಸಿರಿ ಎಂದು ವಾಚಕರನ್ನು ಕೇಳಿದನು. ಬೇರ್ಪಡಿಸಲಾಗದಿದ್ದರೆ, ಇದು ಎರಡನೆಯ ದರ್ಜೆಯ ಕಲೆಯೆಂದು ಒಪ್ಪಿಕೊಳ್ಳಬೇಕೆಂಬುದು ಆತನ ವಾದ. ಜಪಾನಿನ ಕವಿಗಳಲ್ಲಿ ಇದರಿಂದ ದೊಡ್ಡ ಕೋಲಾಹಲವೆದ್ದಿತು. ಆ ಚರ್ಚೆಯನ್ನು ಇಂದಿಗೂ ನೆನೆಯುವರು.

ಈ ಆಕ್ಷೇಪಣೆಯು ತಳ್ಳಿಹಾಕುವಂತಹುದಲ್ಲ. ಗುರುವಿನ ಹೆಸರೊಂದರಿಂದಲೇ ಪದ್ಯವು ಬೆಲೆಬಾಳುವುದಾದರೆ ಆತನು ಹೇಳಿದುದು ದಿಟವೇ ಸರಿ. ಆದರೆ ಅದನ್ನು ಇನ್ನೊಂದು ಬಗೆಯಿಂದಲೂ ನೋಡಬಹುದು. ಒಬ್ಬ ಗೃಹಸ್ಥನು ತನ್ನ ಜೀವಮಾನದ ಸಾವಿರ ಪದ್ಯಗಳಲ್ಲಿ ಒಂದನ್ನಾದರೂ ಗುರುವಿನ ಪದ್ಯದ ಪಕ್ಕದಲ್ಲಿ ನಿಲ್ಲುವಂತೆ ಬರೆಯಬಹುದೆಂಬುದು ನಾಚಿಕೆಪಡತಕ್ಕ ಸಂಗತಿಯೆ? ನಮ್ಮ ಹಳ್ಳಿಯ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡಿದ ತ್ರಿಪದಿಗಳನ್ನು ಯಾರು ಕಟ್ಟಿದರೆಂದು ಯಾರೂ ಬಲ್ಲವರಿಲ್ಲ. ಅದರಿಂದ ಅವುಗಳ ಸೊಗಸೇನೂ ಕುಂದಲಿಲ್ಲ. ಗುರುವಿನ ಹಿರಿಮೆಯು ಬಹುಕಾಲ ಬಹುಸಂಖ್ಯೆಯಲ್ಲಿ ಒಳ್ಳೆಯದನ್ನು ಬರೆಯುವುದರಲ್ಲಿದೆ. ಹವ್ಯಾಸಿಯ ಭಾಗ್ಯವು ಎಂದೋ ಒಮ್ಮೆ ಒಳ್ಳೆಯದನ್ನು ಬರೆದು, ಅದನ್ನು ಗುರುತಿಸಬಲ್ಲವರ ನಡುವೆ ಓದಿಸಿಕೊಳ್ಳುವುದರಲ್ಲಿದೆ.

ಅಂತಹ ಓದುಗರ ಬೆಲೆಯೆಷ್ಟೆಂಬುದು ಕಷ್ಟಕಾಲದಲ್ಲಿಯೇ ತಿಳಿಯುವುದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ನೆಲಸಿದ್ದ ಜಪಾನೀಯರು ಫ್ರೆಸ್ನೊ, ಸ್ಟಾಕ್ಟನ್ ಎಂಬ ಊರುಗಳಲ್ಲಿ ಹಾಯ್ಕು ಸಂಘಗಳನ್ನು ಕಟ್ಟಿಕೊಂಡಿದ್ದರು. ಫ್ರೆಸ್ನೊವಿನ ಸಂಘವು ೧೯೨೮ರಲ್ಲಿ ಹುಟ್ಟಿದುದು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನೊಡನೆ ಹಗೆತನವುಂಟಾದಾಗ, ೧೯೪೨ರ ಫೆಬ್ರವರಿ ೧೯ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಮೇರೆಗೆ ಸುಮಾರು ೧,೨೦,೦೦೦ ಮಂದಿ ಜಪಾನೀ ಮೂಲದವರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ ಆಗಿದ್ದರು. ಮೊದಲು ಜಾತ್ರೆಯ ಮೈದಾನಗಳಲ್ಲಿ, ಆಮೇಲೆ ದೂರದ ಆರ್ಕನ್ಸಾ ಮೊದಲಾದ ಪ್ರಾಂತಗಳಲ್ಲಿ, ಮುಳ್ಳುತಂತಿಯ ಬೇಲಿಯ ಒಳಗೆ ಅವರು ಯುದ್ಧಕಾಲವನ್ನು ಕಳೆದರು. ಹೊಲಮನೆಗಳೂ ಅಂಗಡಿಗಳೂ ಕೈಬಿಟ್ಟುಹೋದ ಆ ದಿನಗಳಲ್ಲಿಯೂ ಈ ಸಂಘಗಳವರು ಕೂಡಿ ಪದ್ಯ ಬರೆಯುವುದನ್ನು ನಿಲ್ಲಿಸಲಿಲ್ಲ. ಆ ಸಂಘದವರಲ್ಲಿ ಒಬ್ಬಳಾಗಿದ್ದು ತಾನೂ ಶಿಬಿರದ ಬಾಳನ್ನು ಅನುಭವಿಸಿದ ವಯಲೆಟ್ ಕಜುಯೆ ದ ಕ್ರಿಸ್ತೊಫೊರೊ ಎಂಬಾಕೆಯು ಉಳಿದುಬಂದ ಪದ್ಯಗಳನ್ನು ಹುಡುಕಿ, ಇಂಗ್ಲಿಷಿಗೆ ತಿರುಗಿಸಿ, ೧೯೯೭ರಲ್ಲಿ ಪುಸ್ತಕವಾಗಿ ಹೊರತಂದಳು. ೧೯೮೮ರಲ್ಲಿ ಅಮೆರಿಕದ ಸರಕಾರವು ತಾನು ಮಾಡಿದ ಅನ್ಯಾಯಕ್ಕಾಗಿ ಕ್ಷಮೆಯನ್ನು ಬೇಡಿ, ಬದುಕಿ ಉಳಿದಿದ್ದ ಒಬ್ಬೊಬ್ಬರಿಗೂ ೨೦,೦೦೦ ಡಾಲರುಗಳ ಪರಿಹಾರವನ್ನು ಗೊತ್ತುಮಾಡಿತು. ಹಣದ ಪರಿಹಾರಕ್ಕೆ ನಾಲ್ವತ್ತಾರು ವರ್ಷಗಳು ಬೇಕಾದುವು. ಬೇಲಿಯ ಒಳಗೆ ಬರೆದ ಪದ್ಯಕ್ಕೆ ಓದುಗನು ಮಾತ್ರ ಆ ದಿನವೇ, ಪಕ್ಕದ ಚಾಪೆಯ ಮೇಲೆಯೇ ಕುಳಿತಿದ್ದನು.

ಇಂದು ಕುಕಾಯಿಯು ಜಪಾನಿನ ಗುಡಿಗಳಲ್ಲಿ, ಊರಿನ ಸಭಾಮಂದಿರಗಳಲ್ಲಿ, ಮನೆಗಳಲ್ಲಿ ನಡೆಯುತ್ತಿದೆ. ದೂರದಲ್ಲಿರುವವರು ಅಂಚೆಯ ಮೂಲಕವೂ ಈಚೆಗೆ ಅಂತರ್ಜಾಲದ ಮೂಲಕವೂ ಕೂಟವನ್ನು ನಡೆಸುವರು. ಅಲ್ಲಿಯೂ ಪದ್ಯಗಳಿಗೆ ಸಂಖ್ಯೆಯನ್ನು ಹಾಕಿ, ಹೆಸರನ್ನು ಮರೆಮಾಡಿ, ಎಲ್ಲರೂ ಆರಿಸಿದ ಮೇಲೆಯೇ ಹೆಸರುಗಳನ್ನು ಪ್ರಕಟಿಸುವರು. ಸಾಧನವು ಬದಲಾದರೂ ನಿಯಮವು ಬದಲಾಗಲಿಲ್ಲ.

ಇದನ್ನು ನಮ್ಮ ಮನೆಗಳಲ್ಲಿಯೂ ಮಾಡಿನೋಡುವುದಕ್ಕೆ ಅಡ್ಡಿಯೇನು? ಹಾಯ್ಕುವನ್ನೇ ಬರೆಯಬೇಕೆಂಬ ನಿರ್ಬಂಧವಿಲ್ಲ. ಕನ್ನಡದಲ್ಲಿ ಈಗ ಹಾಯ್ಕು ಬರೆಯುವವರು ಅನೇಕರಿದ್ದರೂ, ನಮಗೆ ತ್ರಿಪದಿಯುಂಟು, ಚೌಪದಿಯುಂಟು. ದಸರೆಯ ರಜೆಯಲ್ಲಿಯೋ ಯುಗಾದಿಯ ಮಧ್ಯಾಹ್ನದಲ್ಲಿಯೋ ನಂಟರು ನೆರೆದಾಗ, ಆರೇಳು ಮಂದಿ ಕುಳಿತು, ‘ಮೊದಲ ಮಳೆ’ ಎಂದೋ ‘ಮಾವಿನ ಚಿಗುರು’ ಎಂದೋ ಒಂದು ವಿಷಯವನ್ನು ಇಟ್ಟುಕೊಂಡು, ತಲೆಗೆ ಎರಡು ಚೀಟಿಗಳಂತೆ ಬರೆಯಿರಿ. ಅಕ್ಷರ ದುಂಡಗಿರುವ ಮಕ್ಕಳ ಕೈಯಲ್ಲಿ ನಕಲು ಮಾಡಿಸಿರಿ. ಪ್ರತಿಯೊಬ್ಬರೂ ಮೂರನ್ನು ಮಾತ್ರ ಆರಿಸಿ, ಅವು ಏಕೆ ಹಿಡಿಸಿದುವೆಂದು ಒಂದೆರಡು ಮಾತುಗಳನ್ನು ಹೇಳಿರಿ. ಹೆಸರನ್ನು ಕೂಗುವುದು ಆಮೇಲೆ. ಸೊಸೆಯ ಪದ್ಯವನ್ನು ಅತ್ತೆಯೂ, ಮೊಮ್ಮಗನ ಪದ್ಯವನ್ನು ಅಜ್ಜನೂ, ಯಾರದೆಂದು ಅರಿಯದೆಯೇ ಆರಿಸುವ ಆ ಗಳಿಗೆಯಲ್ಲಿ ಉಂಟಾಗುವ ಸಂತೋಷವನ್ನು ಇಲ್ಲಿ ಬರೆದು ತಿಳಿಸುವುದಕ್ಕಿಂತ ಮಾಡಿಯೇ ತಿಳಿಯುವುದು ಲೇಸು.

ಎಲ್ಲರೂ ಮಹಾಕವಿಗಳಾಗಲಾರರು; ಆಗಬೇಕಾದುದೂ ಇಲ್ಲ. ಆದರೆ ಇನ್ನೊಬ್ಬರು ಕಷ್ಟಪಟ್ಟು ಬರೆದ ನಾಲ್ಕು ಸಾಲುಗಳನ್ನು, ಬರೆದವರ ಮುಖವನ್ನು ನೋಡದೆ, ಕೊನೆಯವರೆಗೂ ಗಮನವಿಟ್ಟು ಓದುವ ಶಕ್ತಿಯು ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಸಾಧ್ಯವಾದುದು. ಮುಂದಿನ ಸಾರಿ ಯಾರಾದರೂ ಬಂಧುಗಳು ಪದ್ಯವೊಂದನ್ನು ಕಳುಹಿಸಿದಾಗ, ಕೈಮುಗಿದ ಚಿತ್ರವನ್ನು ಕಳುಹಿಸುವುದಕ್ಕೆ ಮೊದಲು, ಅದನ್ನು ಒಂದು ಹಾಳೆಯ ಮೇಲೆ ನಿಮ್ಮ ಕೈಯಿಂದಲೇ ಒಮ್ಮೆ ಬರೆದು ನೋಡಿರಿ. ಅನಂತರ ನೀವು ಆಡುವ ಮಾತು, ಮೆಚ್ಚಿಗೆಯಾಗಿರಲಿ ತಿದ್ದುಪಡಿಯಾಗಿರಲಿ, ಅವರಿಗೆ ಉಪಯೋಗಕ್ಕೆ ಬರುವುದರಲ್ಲಿ ಸಂದೇಹವಿಲ್ಲ.